ಅಣ್ಣನ ವ್ಯಾನಿಗೆ ಆಯಿಲ್

ಅಂಗಡಿಯವನು ಗಾಜಿನ ಮೇಜಿನ ಮೇಲೆ ಎರಡು ಡಬ್ಬ ತಂದಿಟ್ಟು, ಇನ್ನು ನಿಮ್ಮಿಷ್ಟ ಎನ್ನುವ ಹಾಗೆ ಕೈ ಒರೆಸಿಕೊಂಡ. ಒಂದು ಕಪ್ಪು ಡಬ್ಬ, ಇನ್ನೊಂದು ಬೆಳ್ಳಿ ಬಣ್ಣದ್ದು. ಎತ್ತರ ಒಂದೇ, ಹಿಡಿಕೆ ಒಂದೇ, ಮುಚ್ಚಳವೂ ಒಂದೇ. ಕಪ್ಪು ಡಬ್ಬದಲ್ಲಿರುವುದು ಮಾಮೂಲಿ ಆಯಿಲ್, ಹಿಂದಿನಿಂದ ಎಲ್ಲರೂ ಹಾಕುತ್ತ ಬಂದದ್ದು. ಬೆಳ್ಳಿಯದ್ದು ಸಿಂಥೆಟಿಕ್, ಬಿಸಿಗೆ ಬೇಗ ಸೀಯುವುದಿಲ್ಲ, ಚಳಿಗೆ ಗಟ್ಟಿಯಾಗುವುದಿಲ್ಲ, ಒಳಗಿನ ಕೊಳೆಯನ್ನೆಲ್ಲ ತೊಳೆದು ತರುತ್ತದೆ, ಹೆಚ್ಚು ದಿನ ಬಾಳುತ್ತದೆ ಎಂದು ಪಾಠ ಒಪ್ಪಿಸಿದ. ಚಿಕ್ಕೋನು ಎರಡನ್ನೂ ನೋಡಿದ. ಅವನಿಗೆ ಐವತ್ತು ದಾಟಿತ್ತು, ಕಿವಿಯ ಮೇಲಿನ ಕೂದಲು ಹಿಟ್ಟು ಮೆತ್ತಿದ ಹಾಗೆ ಬೆಳ್ಳಗಾಗಿತ್ತು. ಆದರೂ ಮನೆಯಲ್ಲಿ, ಬೀದಿಯಲ್ಲಿ, ಬೇಕರಿಯಲ್ಲಿ ಅವನು ಚಿಕ್ಕೋನೇ. ದೊಡ್ಡೋನು ಒಬ್ಬನಿದ್ದನಲ್ಲ, ಅದಕ್ಕೆ. ಗಾಡಿ ಯಾವ ವರ್ಷದ್ದು ಎಂದು ಅಂಗಡಿಯವನು ಕೇಳಿದ. ಚಿಕ್ಕೋನಿಗೆ ಗೊತ್ತಿರಲಿಲ್ಲ. ಎಷ್ಟು ಓಡಿದೆ ಎಂದು ಕೇಳಿದ. ಓಡಿದ್ದನ್ನು ತೋರಿಸುವ ಅಂಕಿ ಎಂದೋ ನಿಂತುಹೋಗಿತ್ತು; ಅಣ್ಣ ಅದರ ಮೇಲೆ ಒಂದು ತುಂಡು ಟೇಪು ಅಂಟಿಸಿ, ಹೆಂಗಸರ ವಯಸ್ಸನ್ನೂ ಗಾಡಿಯ ವಯಸ್ಸನ್ನೂ ಕೇಳಬಾರದು ಎಂದು ನಕ್ಕಿದ್ದ. ಹೋಗಲಿ, ಇಷ್ಟು ದಿನ ಯಾವ ಆಯಿಲ್ ಹಾಕುತ್ತಿದ್ದಿರಿ ಎಂದು ಅಂಗಡಿಯವನು ಮೂರನೆಯದನ್ನೂ ಕೇಳಿದ. ಹಿಂದೆ ಹೆಲ್ಮೆಟ್ ಹಿಡಿದು ನಿಂತವನೊಬ್ಬ ಮೂಗಿನಲ್ಲಿ ಉಸಿರು ಬಿಟ್ಟ. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದಾಗ ಆಗುತ್ತಿದ್ದ ಹಾಗೆ ಚಿಕ್ಕೋನ ಕಿವಿ ಬಿಸಿಯಾಯಿತು. ನಾಲಗೆಗೆ ಬಂದದ್ದು ಒಂದೇ ಮಾತು.

"ಅಣ್ಣನಿಗೆ ಗೊತ್ತು."

"ಹಾಗಾದ್ರೆ ಅಣ್ಣನ್ನ ಕೇಳ್ಕೊಂಡು ಬನ್ನಿ. ಅಂಗಡಿ ಎಲ್ಲಿಗೂ ಓಡಿ ಹೋಗಲ್ಲ."

ಆಗಲಿ ಎಂದು ತಲೆಯಾಡಿಸಿ ಅವನು ಹೊರಗೆ ಬಂದ. ಹೆಲ್ಮೆಟಿನವನು ಆಗಲೇ ಅವನ ಜಾಗದಲ್ಲಿ ನಿಂತು ಏನನ್ನೋ ಕೇಳುತ್ತಿದ್ದ.

ಬೀದಿಯ ತುದಿಯವರೆಗೂ ಅವನು ನಿಜವಾಗಿಯೂ ಕೇಳುವುದಕ್ಕೇ ಹೊರಟವನ ಹಾಗೆ ನಡೆದ. ಕಾಲಿಗೆ ಆ ದಾರಿಯೇ ರೂಢಿ. ಹಿಟ್ಟಿನ ಮೂಟೆ ಎಲ್ಲಿಂದ ತರಿಸಬೇಕು, ಭಟ್ಟಿಯ ಬಾಗಿಲಿಗೆ ಯಾವ ಕಬ್ಬಿಣ ಹಾಕಿಸಬೇಕು, ತನಗೆ ಹಲ್ಲುನೋವು ಬಂದರೆ ಯಾವ ಡಾಕ್ಟರ ಹತ್ತಿರ ಹೋಗಬೇಕು, ಎಲ್ಲಕ್ಕೂ ಅಣ್ಣನನ್ನು ಕೇಳಿಕೊಂಡು ಬರುವುದು. ಅದು ಅವನ ಕೆಲಸದ ಒಂದು ಭಾಗವೇ ಆಗಿತ್ತು. ತಿರುವಿನಲ್ಲಿ ಚಪ್ಪಲಿ ರಿಪೇರಿಯವನ ಕೊಡೆ ಕಂಡಾಗ ನಿಂತ. ಅಣ್ಣ ಹೋಗಿ ಎರಡು ತಿಂಗಳಾಗಿತ್ತು. ದುಃಖವೇನೂ ಆಗಲಿಲ್ಲ. ತೂತುಬಿದ್ದ ಜೇಬಿಗೆ ಕೈ ಹಾಕಿ, ಅಯ್ಯೋ ತೂತಿದೆಯಲ್ಲ ಎಂದು ಕೈ ತೆಗೆದುಕೊಂಡ ಹಾಗಾಯಿತು, ಅಷ್ಟೇ. ಈ ಎರಡು ತಿಂಗಳಲ್ಲಿ ಅವನು ಒಂದು ಸಲವೂ ಅತ್ತಿರಲಿಲ್ಲ. ಅತ್ತಿರಲಿಲ್ಲ ಎನ್ನುವುದು ಇರಲಿ, ಅಣ್ಣ ಹೋದ ಎಂಬ ಎರಡು ಮಾತನ್ನು ಬಾಯಿಬಿಟ್ಟು ಯಾರಿಗೂ ಹೇಳಿಯೂ ಇರಲಿಲ್ಲ. ಹೇಳಬೇಕಾದವರಿಗೆಲ್ಲ ಅತ್ತಿಗೆಯ ತಮ್ಮ ಫೋನು ಮಾಡಿದ್ದ. ಮಣ್ಣು ಮಾಡಿ ಬಂದ ದಿನ ತಾನು ಮಗುವಿನ ಹಾಗೆ ನಿದ್ದೆ ಮಾಡಿದ್ದು ನೆನಪಾಗಿ, ಅದನ್ನು ಯಾರೋ ಎದುರು ಮನೆಯ ಕಿಟಕಿಯಿಂದ ನೋಡಿಬಿಟ್ಟಿದ್ದಾರೇನೋ ಎಂಬಂತೆ ಅವನು ತಲೆ ತಗ್ಗಿಸಿಕೊಂಡು ಮೆಕ್ಯಾನಿಕ್ಕಿನ ಶೆಡ್ಡಿನ ಕಡೆ ತಿರುಗಿದ.

ಬೆಳಿಗ್ಗೆ ಮನೆಯಲ್ಲಿ ಆದದ್ದೂ ಇದೇ ಮಾತು. ಅಣ್ಣನ ವ್ಯಾನು ಅವತ್ತಿನಿಂದ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ನಿಂತೇ ಇತ್ತು. ಬ್ರೆಡ್ಡು, ಬನ್ನು ಸಾಗಿಸುವುದಕ್ಕೆ ಬಾಡಿಗೆ ಗಾಡಿಯೊಂದನ್ನು ಹಿಡಿದಿದ್ದರು. ಅದರ ಡ್ರೈವರು ತನಗೆ ಬೇಕಾದಾಗ ಬರುವವನು, ಬಿಸಿ ಬ್ರೆಡ್ಡು ಆರಿ, ಆರಿದ್ದು ಮೆತ್ತಗಾಗಿ, ಅಂಗಡಿಗಳು ಒಂದೊಂದಾಗಿ ದೊಡ್ಡ ಬೇಕರಿಯವನ ಕಡೆ ಜಾರುತ್ತಿದ್ದವು. ಸಂಜೆ ಗುಜರಿಯವನು ಬರುತ್ತಾನೆ, ಕೊಡುವುದಾದರೆ ಕೊಟ್ಟುಬಿಡೋಣ, ಇಟ್ಟುಕೊಳ್ಳುವುದಾದರೆ ನೀನು ಓಡಿಸಬೇಕು, ಎರಡರಲ್ಲಿ ಯಾವುದು ಹೇಳು ಎಂದು ಅತ್ತಿಗೆ ತಟ್ಟೆಯ ಮುಂದೆಯೇ ಕೇಳಿದ್ದಳು. ವ್ಯಾನು ಹೋದರೆ ಬೇಕರಿಯೂ ಹೆಚ್ಚು ದಿನ ಉಳಿಯದು ಎನ್ನುವುದು ಮನೆಯ ಮೂವರಿಗೂ ಗೊತ್ತಿತ್ತು. ಇಷ್ಟು ದಿನ ನಿಂತ ಗಾಡಿಯನ್ನು ಆಯಿಲ್ ಬದಲಾಯಿಸದೆ ರಸ್ತೆಗೆ ಇಳಿಸಬೇಡ ಎಂದು ಮೆಕ್ಯಾನಿಕ್ ಹೇಳಿ ಕಳಿಸಿದ್ದ. ಹಾಗಾಗಿ ಮೊದಲು ಆಯಿಲ್ಲಿನ ಮಾತು ಬಂತು. ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ಅಣ್ಣನ ಮಗಳು, ಸಿಂಥೆಟಿಕ್ ಹಾಕು ಚಿಕ್ಕಪ್ಪ, ಎಲ್ಲಾ ಕಡೆ ಅದನ್ನೇ ಒಳ್ಳೇದು ಅಂತಾರೆ ಎಂದಳು. ನಿಮ್ಮಪ್ಪ ಏನು ಹಾಕುತ್ತಿದ್ದರೋ ಅದನ್ನೇ ಹಾಕಲಿ ಎಂದಳು ಅತ್ತಿಗೆ. ಅಪ್ಪ ಹಾಕಿದ್ದೆಲ್ಲ ಸರಿ ಎಂದು ಯಾರು ಹೇಳಿದರು ಎಂದು ಮಗಳು, ಹೇಳುವುದಕ್ಕೆ ಈಗ ಅವರಿಲ್ಲವಲ್ಲ ಎಂದು ತಾಯಿ. ಚಿಕ್ಕೋನು ಅತ್ತ ದರಿ ಇತ್ತ ಪುಲಿ ಎನ್ನುವ ಹಾಗೆ ನಡುವೆ ಕೂತು ಬ್ರೆಡ್ಡಿನ ಅಂಚನ್ನು ಚಹಾಕ್ಕೆ ಅದ್ದುತ್ತಿದ್ದ.

"ನಿನ್ನನ್ನೇ ಕೇಳ್ತಿರೋದು ಚಿಕ್ಕಪ್ಪ," ಎಂದಿದ್ದಳು ಹುಡುಗಿ, ಚೀಲ ಹೆಗಲಿಗೆ ಹಾಕಿಕೊಳ್ಳುತ್ತ. "ಗೋಡೆಗೆ ಹೇಳಿದ್ರೂ ತಿರುಗಿ ಸದ್ದಾದ್ರೂ ಬರುತ್ತೆ."

ಅದ್ದಿದ ಬ್ರೆಡ್ಡು ಮುರಿದು ಚಹಾದೊಳಗೆ ಬಿತ್ತು. ಅದನ್ನು ಚಮಚದಲ್ಲಿ ಎತ್ತುವ ನೆವದಲ್ಲಿ ಅವನು ಆ ಕ್ಷಣವನ್ನು ದಾಟಿಬಿಟ್ಟ. ಕ್ಷಣಗಳನ್ನು ಹೀಗೆ ದಾಟುವುದನ್ನು ಅವನು ಚಿಕ್ಕಂದಿನಲ್ಲೇ ಕಲಿತಿದ್ದ.

ಮೆಕ್ಯಾನಿಕ್ ಬಾಣಲೆಯಲ್ಲಿ ಸೀಮೆಎಣ್ಣೆ ಹಾಕಿಕೊಂಡು ಯಾವುದೋ ಬಿಡಿಭಾಗಗಳನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದ. ಅಣ್ಣನ ಓರಗೆಯವನು, ಅಣ್ಣನ ಜೊತೆ ಇಸ್ಪೀಟು ಆಡುತ್ತಿದ್ದವನು. ಚಿಕ್ಕೋನನ್ನು ಕಂಡು ಮೊಣಕೈಯಿಂದ ಒಂದು ಟೈರು ತೋರಿಸಿದ, ಕೂತುಕೋ ಎಂದು. ಯಾವ ಆಯಿಲ್ ಹಾಕಲಿ ಎಂದು ಇವನು ಕೇಳಿದ. ನಿಮ್ಮಣ್ಣ ಒಂದು ದಿನವಾದರೂ ಆ ಎಂಜಿನ್ನನ್ನು ನನ್ನ ಕೈಗೆ ಕೊಟ್ಟವನಲ್ಲ, ಬ್ರೇಕು ನೋಡು, ದೀಪ ನೋಡು, ಆಯಿಲ್ ಮಾತ್ರ ನಾನೇ ನೋಡ್ಕೋತೀನಿ ಅನ್ನುತ್ತಿದ್ದ, ಒಳಗೆ ಏನಿದೆ ಎಂದು ನನಗೂ ಗೊತ್ತಿಲ್ಲ, ದೇವರಿಗೂ ಗೊತ್ತಿಲ್ಲ ಎಂದ.

ಒಳಗೆ ಏನಿದೆ ಎಂದು ಚಿಕ್ಕೋನಿಗೆ ಗೊತ್ತಿತ್ತು. ಅಣ್ಣ ಹಿತ್ತಲಲ್ಲಿ ವ್ಯಾನಿನ ಕೆಳಗಿನ ಬೋಲ್ಟು ಬಿಚ್ಚಿ ಹಳೇ ಆಯಿಲ್ಲನ್ನು ಅಗಲ ಬೋಗುಣಿಗೆ ಬಿಡುತ್ತಿದ್ದ. ಕೊನೆಯಲ್ಲಿ ದಾರದ ಹಾಗೆ ಸಣ್ಣಗೆ ಇಳಿಯುವಾಗ ಒಂದು ಲೋಟ ಹಿಡಿದು, ಆ ಲೋಟದಷ್ಟನ್ನು ಪಕ್ಕಕ್ಕೆ ಇಡುತ್ತಿದ್ದ. ಹೊಸ ಆಯಿಲ್ ಸುರಿದಾದ ಮೇಲೆ ಲೋಟದ ಕರಿಯದನ್ನು ಅದರ ಮೇಲೆ ಸುರಿಯುತ್ತಿದ್ದ. ಯಾರೂ ಹೇಳಿಕೊಟ್ಟದ್ದಲ್ಲ ಅದು. ಅವರು ಬ್ರೆಡ್ಡಿನ ಮನೆಯವರು. ಅಪ್ಪನ ಕಾಲದಿಂದಲೂ ದಿನದ ಹಿಟ್ಟಿನಲ್ಲಿ ಒಂದು ಹಿಡಿ ಉಳಿಸಿ, ಒದ್ದೆ ಬಟ್ಟೆ ಮುಚ್ಚಿದ ಮಡಕೆಯಲ್ಲಿಟ್ಟು, ಮಾರನೆಯ ದಿನ ಹೊಸ ಹಿಟ್ಟಿಗೆ ಅದನ್ನೇ ಹೆಪ್ಪು ಹಾಕುವವರು. ಹಳೇದು ಸ್ವಲ್ಪ ಸೇರದೆ ಹೊಸದಕ್ಕೆ ಬುದ್ಧಿ ಬರಲ್ಲ ಎಂದು ಅಪ್ಪ ಹಿಟ್ಟಿಗೆ ಹೇಳಿದ್ದನ್ನು ಅಣ್ಣ ಎಂಜಿನ್ನಿಗೂ ಹೇಳುತ್ತಿದ್ದ. ಹೀಗೆ ಅಷ್ಟೂ ವರ್ಷದ ಕರಿ, ಲೋಟ ಲೋಟವಾಗಿ, ಒಂದರಿಂದ ಇನ್ನೊಂದಕ್ಕೆ ಹೆಪ್ಪಾಗುತ್ತ, ಆ ವ್ಯಾನಿನ ಹೊಟ್ಟೆಯಲ್ಲಿ ಇನ್ನೂ ಇತ್ತು. ಚಿಕ್ಕೋನು ಇದನ್ನು ಮೆಕ್ಯಾನಿಕ್ಕಿಗೆ ಹೇಳಿದ. ಬ್ರಷ್ಷು ನಿಂತಿತು. ಅವನು ನಗುತ್ತಾನೆ ಎಂದುಕೊಂಡಿದ್ದ, ನಗಲಿಲ್ಲ.

"ಹಾಗಾದ್ರೆ ಮಡ್ಡಿ ಕೂತಿರುತ್ತೆ," ಎಂದ. "ಎಂಜಿನ್ನಿನ ಸಂದಿಲಿರೋ ಹಳೇ ರಬ್ಬರ್ ಸೀಲುಗಳು ಒಣಗಿ ಬಿರುಕು ಬಿಟ್ಟಿರ್ತವೆ. ಆ ಬಿರುಕಿಗೆ ಮಡ್ಡಿನೇ ಮೆತ್ಕೊಂಡು ಸೋರದ ಹಾಗೆ ಹಿಡ್ಕೊಂಡಿರುತ್ತೆ. ಸಿಂಥೆಟಿಕ್ ಹಾಕಿದ್ರೆ ಅದನ್ನ ತೊಳೆದು ತೆಗೆಯುತ್ತೆ. ಆಗ ಸೋರಿದ್ರೂ ಸೋರಬಹುದು, ಸೋರದೇನೂ ಇರಬಹುದು. ನಾನು ಮಾತು ಕೊಡಲ್ಲ."

"ಮಾಮೂಲಿ ಹಾಕಿದ್ರೆ?"

"ಸೋರಲ್ಲ. ಅದೇ ಮಡ್ಡಿ ಬೆಳೀತಾ ಹೋಗುತ್ತೆ. ಒಂದಿನ ಆಯಿಲ್ ಹರಿಯೋ ದಾರಿನೇ ಕಟ್ಕೊಂಡು, ಹೇಳದೆ ಕೇಳದೆ ನಿಂತುಬಿಡುತ್ತೆ."

ಹೇಳಿಯಾದ ಮೇಲೆ ಮೆಕ್ಯಾನಿಕ್ ತನ್ನ ಮಾತನ್ನು ತಾನೇ ಕೇಳಿಸಿಕೊಂಡವನ ಹಾಗೆ ಬಾಣಲೆಯೊಳಗೆ ನೋಡಿದ. ಅಣ್ಣ ಹೋದದ್ದೂ ಹಾಗೆಯೇ. ಮಧ್ಯಾಹ್ನ ಅಂಗಡಿಗಳನ್ನೆಲ್ಲ ಸುತ್ತಿ ಬಂದು, ಹಿಟ್ಟಿನ ಮೂಟೆಯ ಮೇಲೆ ಕೂತು, ಷೂ ಬಿಚ್ಚುವುದಕ್ಕೆ ಬಗ್ಗಿದವನು ಮತ್ತೆ ಏಳಲಿಲ್ಲ. ಅತ್ತಿಗೆ ಕೂಗಿದಳು. ಆ ಕೂಗು ಎಂಥದು ಎಂದು ಚಿಕ್ಕೋನಿಗೆ ಕೂಡಲೇ ಗೊತ್ತಾಗಿತ್ತು. ಭಟ್ಟಿಯೊಳಗೆ ಬ್ರೆಡ್ಡು ಹದಕ್ಕೆ ಬಂದಿತ್ತು, ಇನ್ನೊಂದು ಗಳಿಗೆ ಬಿಟ್ಟರೆ ಸೀಯುವುದು. ಬಂದೆ ಎಂದು ಹೇಳಿ, ಉದ್ದನೆಯ ಹಲಗೆಯಿಂದ ಒಂದೊಂದೇ ಅಚ್ಚನ್ನು ಎಳೆದು, ಎಲ್ಲವನ್ನೂ ಸಾಲಾಗಿ ಇಟ್ಟು, ಭಟ್ಟಿಯ ಬಾಗಿಲು ಮುಚ್ಚಿ, ಆಮೇಲೆ ಹೋಗಿದ್ದ. ಬೇಗ ಹೋಗಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಯಾರೂ ಅವನನ್ನು ಒಂದು ಮಾತು ಅನ್ನಲಿಲ್ಲ. ಬಂದ ಜನಕ್ಕೆ ಚಹಾದ ಜೊತೆ ಅದೇ ಬ್ರೆಡ್ಡನ್ನು ಕೊಟ್ಟರು. ಚೆನ್ನಾಗಿ ಬೆಂದಿದೆ ಎಂದು ಯಾರೋ ಹೇಳಿದ್ದು ಅವನ ಕಿವಿಗೆ ಬಿತ್ತು, ಮತ್ತು ಅವನಿಗೆ, ನಾಚಿಕೆಗೆಟ್ಟ ಹಾಗೆ, ಸಮಾಧಾನವಾಯಿತು.

"ಎಷ್ಟು ದಿನ ಓಡಿಸ್ಬೇಕು ಅಂತಿದ್ದೀಯ?" ಎಂದು ಮೆಕ್ಯಾನಿಕ್ ಕೇಳುತ್ತಿದ್ದ. "ಅದನ್ನ ಮೊದಲು ಹೇಳು. ಯಾವ ಆಯಿಲ್ ಅಂತ ಆಮೇಲೆ ನಾನು ಹೇಳ್ತೀನಿ."

ಅತ್ತಿಗೆ ಕೇಳಿದ್ದೂ ಇದನ್ನೇ, ಹುಡುಗಿ ಕೇಳಿದ್ದೂ ಇದನ್ನೇ. ಚಿಕ್ಕೋನು ಟೈರಿನ ಗೀರುಗಳಲ್ಲಿ ಸಿಕ್ಕಿಕೊಂಡ ಸಣ್ಣ ಕಲ್ಲುಗಳನ್ನು ಉಗುರಿನಿಂದ ಕೀಳುತ್ತ ಕೂತ. ಓಡಿಸಬೇಕು ಎಂದರೆ ಅಣ್ಣನ ಸೀಟಿನಲ್ಲಿ ಕೂರಬೇಕು. ಬೇಡ ಎಂದರೆ ಅಣ್ಣ ಕೂತಿದ್ದ ಸೀಟನ್ನು ಗುಜರಿಯವನು ಕಿತ್ತು ತೂಕಕ್ಕೆ ಹಾಕುತ್ತಾನೆ. ಎರಡನ್ನೂ ಅವನು ಕಣ್ಣಮುಂದೆ ತಂದುಕೊಂಡು ನೋಡಿದ. ಎರಡೂ ಯಾರದೋ ಮನೆಯಲ್ಲಿ ನಡೆಯುವ ಸಂಗತಿಯ ಹಾಗೆ ಕಂಡವು. ನೋಡ್ತೀನಿ ಎಂದು ಎದ್ದ. ನೋಡು, ನೋಡು, ನಿಮ್ಮಪ್ಪ ಬದುಕಿದ್ದಾಗಿನಿಂದ ನೋಡ್ತಾನೇ ಇದ್ದೀಯ ಎಂದು ಮೆಕ್ಯಾನಿಕ್ ಬ್ರಷ್ಷು ಕೈಗೆತ್ತಿಕೊಂಡ. ಆದರೆ ಹೊರಡುವಾಗ ಬೋಲ್ಟಿಗೆ ಸರಿಹೋಗುವ ಪಾನಾ ಒಂದನ್ನು ಕೊಟ್ಟು, ಮೊದಲು ಸ್ವಲ್ಪ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಬಿಚ್ಚು, ತೆಳ್ಳಗಾಗಿ ಇಳಿಯುತ್ತೆ ಎಂದು ಹೇಳಿಕೊಟ್ಟ.

ಮತ್ತೆ ಆಯಿಲ್ ಅಂಗಡಿಯ ಮುಂದೆ ಬಂದಾಗಲೂ ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಹಾವೂ ಸಾಯದ ಕೋಲೂ ಮುರಿಯದ ಮೂರನೆಯ ಡಬ್ಬವೊಂದು ಇದ್ದಿದ್ದರೆ ಅದನ್ನೇ ತೆಗೆದುಕೊಳ್ಳುತ್ತಿದ್ದ. ಎರಡು ಡಬ್ಬಗಳು ಅದೇ ಜಾಗದಲ್ಲಿ ಇದ್ದವು. ಅಂಗಡಿಯವನು ಗುರುತು ಹಿಡಿದು ಹುಬ್ಬೇರಿಸಿದ.

"ಏನಂದ್ರು ಅಣ್ಣ?"

"ಸಿಂಥೆಟಿಕ್ ಅಂದ."

ಮಾತು ಹೊರಗೆ ಬಿದ್ದ ಮೇಲೆ ಚಿಕ್ಕೋನು ಅದನ್ನು ಕೇಳಿಸಿಕೊಂಡ. ಇಲ್ಲ, ಅಣ್ಣ ಸತ್ತರೂ ಹಾಗೆ ಹೇಳುವವನಲ್ಲ, ಎಂದುಕೊಂಡ. ಎಂದುಕೊಂಡು, ಅದರೊಳಗಿನ ಮಾತಿಗೆ ತಾನೇ ಬೆಪ್ಪಾದ. ಅಂಗಡಿಯವನು ಬೆಳ್ಳಿ ಡಬ್ಬವನ್ನು ಮುಂದಕ್ಕೆ ತಳ್ಳಿ, ಜೊತೆಗೊಂದು ಹೊಸ ಫಿಲ್ಟರ್ ಇಟ್ಟು, ನಿಮ್ಮಣ್ಣ ತಿಳಿದೋರು, ಹಳಬರು ಯಾರೂ ಅಷ್ಟು ಸುಲಭಕ್ಕೆ ಒಪ್ಪಲ್ಲ ಎಂದ. ಹೂಂ, ತಿಳಿದೋನು ಎಂದ ಚಿಕ್ಕೋನು. ಸತ್ತವನ ಬಾಯಲ್ಲಿ ತನ್ನ ಮಾತು ಇಟ್ಟಾಗಿತ್ತು. ಬದುಕಿದ್ದಷ್ಟು ದಿನ ಅಣ್ಣನ ಮಾತು ತನ್ನ ಬಾಯಲ್ಲಿ ಇತ್ತಲ್ಲ, ಅದಕ್ಕೂ ಇದಕ್ಕೂ ಸರಿಹೋಯಿತೇ? ಹಾಗೆ ಲೆಕ್ಕ ಹಾಕುವಷ್ಟು ಜಾಣನಲ್ಲ ಅವನು. ಡಬ್ಬದ ಭಾರಕ್ಕೆ ಕೈ ಜಗ್ಗಿತು, ಆಗಾಗ ಕೈ ಬದಲಾಯಿಸಿಕೊಂಡು ಮನೆಗೆ ನಡೆದ.

ವ್ಯಾನಿನ ಮೇಲೆ ಹೊದಿಸಿದ್ದ ತಾಡಪಾಲನ್ನು ಎಳೆದಾಗ ಬೆಚ್ಚಗಿನ ಹಳೇ ವಾಸನೆ ಬಂತು, ರಬ್ಬರಿನದು, ಬ್ರೆಡ್ಡಿನ ಹುಡಿಯದು. ಸೀಟು ಅಣ್ಣನ ಅಳತೆಗೆ ಇತ್ತು. ಅಣ್ಣ ಕುಳ್ಳ, ಸೀಟನ್ನು ಮುಂದಕ್ಕೆ ಎಳೆದುಕೊಂಡು ಸ್ಟಿಯರಿಂಗನ್ನು ಎದೆಗೆ ಅವಚಿಕೊಂಡ ಹಾಗೆ ಕೂರುತ್ತಿದ್ದ. ಚಿಕ್ಕೋನು ಮೊಣಕಾಲು ಮಡಚಿಕೊಂಡು ಹಾಗೆಯೇ ತುರುಕಿಕೊಂಡ. ಸೀಟು ಹಿಂದಕ್ಕೆ ಸರಿಸುವ ಹಿಡಿಯ ಮೇಲೆ ಕೈ ಹೋಗಿ ವಾಪಸು ಬಂತು. ಬ್ಯಾಟರಿಯನ್ನು ಹಿಂದಿನ ದಿನವೇ ಚಾರ್ಜಿಗೆ ಹಾಕಿದ್ದರಿಂದ ಎಂಜಿನ್ನು ನಾಲ್ಕೈದು ಸಲ ಕೆಮ್ಮಿ ಹತ್ತಿಕೊಂಡಿತು. ಒಳಗೆ ಅತ್ತಿಗೆಯ ಪಾತ್ರೆಯ ಸದ್ದು ತಟ್ಟನೆ ನಿಂತಿತು. ಎರಡು ತಿಂಗಳ ಮೇಲೆ ಆ ಸದ್ದು ಹಿತ್ತಲಲ್ಲಿ ಎದ್ದದ್ದು. ಅವಳಿಗೆ ಹೇಳದೆ ಸ್ಟಾರ್ಟ್ ಮಾಡಬಾರದಿತ್ತು ಎಂದು ಅವನಿಗೆ ಆಗ ಹೊಳೆಯಿತು. ಬಿಸಿಯಾಗುವಷ್ಟು ಹೊತ್ತು ಓಡಲು ಬಿಟ್ಟು, ಆರಿಸಿ, ಬೋಗುಣಿ ತಂದು, ಕೆಳಗೆ ನುಸುಳಿ ಪಾನಾ ಹಾಕಿದ. ಬೋಲ್ಟು ಕೈಗೆ ಬರುತ್ತಲೇ ಕರಿ ಆಯಿಲ್ ದಪ್ಪಗೆ, ಸದ್ದಿಲ್ಲದೆ, ಜಡೆಯ ಹಾಗೆ ಹೆಣೆದುಕೊಂಡು ಇಳಿಯಿತು. ಅವನು ಈಚೆ ಬಂದು ಕುಕ್ಕರುಗಾಲಿನಲ್ಲಿ ಕೂತು ಅದನ್ನು ನೋಡುತ್ತಿದ್ದ. ಅದರಲ್ಲಿ ಯಾವುದು ಯಾವ ವರ್ಷದ್ದು ಎಂದು ಹೇಳುವ ಹಾಗಿರಲಿಲ್ಲ. ಅಣ್ಣನ ಮದುವೆಯಾದ ವರ್ಷದ್ದೂ ಇತ್ತು, ಅಪ್ಪ ಹೋದ ವರ್ಷದ್ದೂ. ತನಗೆ ನೋಡಿದ್ದ ಹೆಣ್ಣು ಬೇಡವೆಂದು ಅಣ್ಣ ಹೇಳಿದ್ದು, ಹೂಂ ಎಂದು ತಾನು ಸುಮ್ಮನಾದದ್ದು, ಆ ವರ್ಷದ್ದೂ ಒಂದು ಲೋಟ ಇದ್ದೇ ಇರಬೇಕು.

ಅತ್ತಿಗೆ ಲೋಟ ಹಿಡಿದು ಬಂದಳು. ಅಣ್ಣ ಹಿಡಿಯುತ್ತಿದ್ದ ಅದೇ ಲೋಟ, ಅಂಚಿನ ಬಣ್ಣ ಹಾರಿದ್ದು. ಬೆಳ್ಳಿ ಡಬ್ಬವನ್ನು ನೋಡಿದಳು. ಧಾರೆ ಸಣ್ಣಗಾಗುತ್ತ ಬಂದಿತ್ತು. ಅವಳು ಲೋಟವನ್ನು ಮುಂದೆ ಚಾಚಿದಳು.

"ಬೇಡ ಅತ್ತಿಗೆ."

ಇಷ್ಟು ವರ್ಷದಲ್ಲಿ ಅವನು ಅವಳಿಗೆ ಬೇಡ ಎಂದಿದ್ದು ಊಟಕ್ಕೆ ಬಡಿಸುವಾಗ ಮಾತ್ರ. ಅವಳ ಕೈ ಅಲ್ಲೇ ನಿಂತಿತು. ದಾರ ಕಡಿದು ಹನಿಯಾಯಿತು. ಹನಿಯ ನಡುವಿನ ಹೊತ್ತು ಹೆಚ್ಚುತ್ತ ಹೋಯಿತು.

"ಹಿಟ್ಟನ್ನೂ ಹೀಗೇ ಬೇಡ ಅಂತ್ಲೇ ಬಿಟ್ಟೆಯಾ?" ಎಂದಳು ಅತ್ತಿಗೆ.

ಅಣ್ಣ ಹೋದ ದಿನದ ಗಡಿಬಿಡಿಯಲ್ಲಿ ಅಪ್ಪನ ಕಾಲದ ಹೆಪ್ಪಿನ ಹಿಟ್ಟಿನ ಕಡೆ ಯಾರೂ ನೋಡಿರಲಿಲ್ಲ. ಬಂದವರು, ಹೋದವರು, ಅಳುವವರು, ಚಹಾ ಕೇಳುವವರು. ನಾಲ್ಕನೆಯ ದಿನವೋ ಐದನೆಯ ದಿನವೋ ಮಡಕೆಯ ಬಟ್ಟೆ ತೆಗೆದಾಗ ಅದು ಒಣಗಿ, ಬಿರಿದು, ನೀಲಿ ಬೂಸಲು ಹಿಡಿದಿತ್ತು. ಅವನು ಅದನ್ನು ಗುಂಡಿಗೆ ಎಸೆದು, ಅಂಗಡಿಯಿಂದ ಯೀಸ್ಟಿನ ಪೊಟ್ಟಣ ತಂದು ಹಿಟ್ಟು ಕಲಸಿದ್ದ. ಬ್ರೆಡ್ಡು ಉಬ್ಬಿತು, ಬೆಂದಿತು, ಮಾರಾಟವಾಯಿತು. ಒಬ್ಬರಾದರೂ ಏನೋ ಬೇರೆ ಥರ ಇದೆಯಲ್ಲ ಎಂದು ಕೇಳುತ್ತಾರೆಂದು ಅವನು ದಿನಾ ಕಾದ. ಯಾರೂ ಕೇಳಲಿಲ್ಲ. ಅಷ್ಟೇ ಹಾಗಾದರೆ, ಎಂದುಕೊಂಡಿದ್ದ. ಅಷ್ಟು ವರ್ಷ ಕಾಯ್ದುಕೊಂಡು ಬಂದದ್ದು ಹೋದರೂ ಯಾರ ನಾಲಗೆಗೂ ಗೊತ್ತಾಗುವುದಿಲ್ಲ. ಅಂದಿನಿಂದ ಅವನ ಒಳಗೂ ಯಾವುದರ ರುಚಿಯೂ ಸರಿಯಾಗಿ ಹತ್ತುತ್ತಿರಲಿಲ್ಲ.

"ಇಲ್ಲ," ಎಂದ. "ಅದನ್ನ ಮರೆತೆ."

"ನಂಗೆ ಬಾಯಿಗಿಟ್ಟ ತಕ್ಷಣ ಗೊತ್ತಾಯ್ತು."

"ಮತ್ತೆ ಹೇಳ್ಲಿಲ್ಲ?"

"ನೀನೂ ಹೇಳ್ಲಿಲ್ಲ." ಅವಳು ಲೋಟವನ್ನು ಬೋರಲು ಮಾಡಿ ಕಟ್ಟೆಯ ಮೇಲಿಟ್ಟಳು. "ಅವರಿದ್ದಾಗ ಈ ಮನೇಲಿ ಮಾತಾಡೋದಕ್ಕೆ ಅವರೊಬ್ಬರೇ ಸಾಕಿತ್ತು. ನಾವಿಬ್ಬರೂ ಕೋಲೆಬಸವನ ಹಾಗೆ ತಲೆ ಆಡಿಸ್ಕೊಂಡು ಇದ್ವಿ. ಈಗ ತಲೆ ಆಡಿಸೋಣ ಅಂದ್ರೆ ಎದುರಿಗೆ ಯಾರೂ ಇಲ್ಲ."

ಅವಳ ಮುಖದಲ್ಲಿ ನಗುವಿತ್ತೋ ಮತ್ತೇನಿತ್ತೋ ಅವನು ನೋಡಲಿಲ್ಲ. ಬೋಲ್ಟನ್ನು ಒರೆಸಿ ತಿರುಗಿಸಿದ, ಹಳೇ ಫಿಲ್ಟರನ್ನು ಬಿಚ್ಚಿ ಹೊಸದನ್ನು ಕೂರಿಸಿದ, ಬೆಳ್ಳಿ ಡಬ್ಬದ ಮುಚ್ಚಳ ತಿರುವಿದ. ಹೊಸ ಆಯಿಲ್ ತೆಳ್ಳಗೆ, ಹಳದಿಯಾಗಿ, ನೀರಿಗಿಂತ ಸ್ವಲ್ಪವೇ ಮಂದವಾಗಿ ಒಳಗೆ ಹೋಯಿತು. ಇಷ್ಟು ತೆಳ್ಳಗಿರುವುದು ಏನನ್ನು ತಾನೇ ಹಿಡಿದಿಟ್ಟೀತು ಎಂದು ಅನ್ನಿಸಿತು. ಸಂಜೆ ಗುಜರಿಯವನಿಗೆ ಏನು ಹೇಳಲಿ ಎಂದು ಅತ್ತಿಗೆ ಕೇಳಿದಳು. ಒಂದು ಸುತ್ತು ಹೋಗಿ ಬರ್ತೀನಿ, ಬಂದು ಹೇಳ್ತೀನಿ ಎಂದ. ಬಾಡಿಗೆ ಗಾಡಿಯವನಿಗೆ ಇವತ್ತು ಬೇಡವೆಂದು ಅವಳೇ ಫೋನು ಮಾಡಿದಳು. ಇಬ್ಬರೂ ಸೇರಿ ಟ್ರೇಗಳನ್ನು ಹಿಂದೆ ತುಂಬಿದರು.

ವ್ಯಾನು ಓಡಿತು. ಅವನು ಹೆದರಿದ್ದಕ್ಕಿಂತ ಮೆತ್ತಗೆ, ಸದ್ದು ಕಡಿಮೆಯಾಗಿ ಓಡಿತು. ವರ್ಷಕ್ಕೆ ಒಂದೆರಡು ಸಲ ಅಣ್ಣನಿಗೆ ಜ್ವರ ಬಂದಾಗ ಮಾತ್ರ ಅವನು ಓಡಿಸಿದ್ದು, ಆಗಲೂ ಅಣ್ಣ ಮಫ್ಲರ್ ಸುತ್ತಿಕೊಂಡು ಪಕ್ಕದಲ್ಲಿ ಕೂತು ಕ್ಲಚ್ ಬಿಡು, ಕ್ಲಚ್ ಬಿಡು, ಅದೇನು ನಿನ್ನ ಮಾವನ ಮನೆಯದಾ ಎಂದು ಬಯ್ಯುತ್ತಿದ್ದ. ಈಗ ಪಕ್ಕದ ಸೀಟಿನಲ್ಲಿ ಆಯಿಲ್ಲಿನ ಡಬ್ಬ ಇತ್ತು, ತಳದಲ್ಲಿ ಸ್ವಲ್ಪ ಉಳಿದಿದ್ದು. ತಿರುವಿನಲ್ಲಿ ಡಬ್ಬ ವಾಲಿತು, ಅವನು ಎಡಗೈ ಚಾಚಿ ಹಿಡಿದುಕೊಂಡ. ಮೊದಲ ಅಂಗಡಿಯವನು ವ್ಯಾನನ್ನು ಕಂಡು ಮುಖ ಅರಳಿಸಿ ಹೊರಗೆ ಬಂದವನು, ಒಳಗೆ ಇವನನ್ನು ಕಂಡು ಆ ಮುಖವನ್ನು ಏನು ಮಾಡುವುದೆಂದು ತಿಳಿಯದೆ ಟ್ರೇ ಎಣಿಸುವುದಕ್ಕೆ ಹೋದ. ಎರಡನೆಯವನು ಹೇಗಿದ್ದಾರೆ ಮನೆಯಲ್ಲಿ ಎಂದ. ಇದ್ದಾರೆ ಎಂದ ಚಿಕ್ಕೋನು. ಆಸ್ಪತ್ರೆಯ ಕ್ಯಾಂಟೀನಿನವನು, ದೊಡ್ಡೋರು ಬರಲಿಲ್ವಾ ಎಂದು ರೂಢಿಯ ಮೇಲೆ ಕೇಳಿಬಿಟ್ಟು ನಾಲಗೆ ಕಚ್ಚಿಕೊಂಡ. ಇಲ್ಲ, ನಾನೇ ಬಂದೆ ಎಂದ ಚಿಕ್ಕೋನು, ಅಣ್ಣ ಮನೆಯಲ್ಲಿ ಮಲಗಿದ್ದಾನೇನೋ ಎನ್ನುವ ಹಾಗೆ. ಎಲ್ಲರೂ ಅವನ ಮೇಲೆ ಕರುಣೆ ತೋರಿಸಿದರು, ಮತ್ತು ಎಲ್ಲರೂ ಅವನನ್ನು ಬೇಗ ಕಳಿಸಿದರು. ಕೊನೆಯ ಅಂಗಡಿಗೆ ಬರುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು.

ಕೊನೆಯದು ಬಸ್ಸು ನಿಲ್ಲುವ ಕಡೆಯ ಟೀ ಅಂಗಡಿ. ನಡೆಸುವವಳು ದಪ್ಪನೆಯ ಹೆಂಗಸು, ಮಾತು ಖಡಾಖಂಡಿತ. ಅವನು ಕೊನೆಯ ಟ್ರೇ ಇಳಿಸಿ ಬಂದು ನೋಡಿದರೆ ವ್ಯಾನಿನ ಕೆಳಗೆ ರಸ್ತೆಯ ಮೇಲೆ ಅಂಗೈಯಷ್ಟು ಅಗಲ ಒದ್ದೆಯಾಗಿತ್ತು. ನೀರಿರಬಹುದು ಎಂದು ಬಗ್ಗಿ ಬೆರಳಿಗೆ ಹಚ್ಚಿ ನೋಡಿದ. ನೀರಲ್ಲ. ಅವನು ರಸ್ತೆಯ ಮೇಲೆಯೇ ಅಂಗಾತ ಮಲಗಿ ಕೆಳಗೆ ನುಸುಳಿದ. ಎಂಜಿನ್ನಿನ ಎರಡು ತುಂಡು ಸೇರುವ ಗೆರೆಯಲ್ಲಿ, ಹಿಂಬದಿಗೆ, ಹನಿಯೊಂದು ಕೂಡಿಕೊಳ್ಳುತ್ತಿತ್ತು. ಮಧ್ಯಾಹ್ನ ಹಳದಿಯಾಗಿ ಒಳಗೆ ಹೋದದ್ದು ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು; ಮಡ್ಡಿಯನ್ನು ತೊಳೆಯುತ್ತಿತ್ತು. ಹನಿ ದಪ್ಪಗಾಯಿತು, ಉದ್ದವಾಯಿತು, ಕಳಚಿ ಅವನ ಕೆನ್ನೆಯ ಮೇಲೆ ಬಿತ್ತು. ಬೆಚ್ಚಗಿತ್ತು. ಅವನು ಒರೆಸಿಕೊಳ್ಳಲಿಲ್ಲ. ಸೀಲು ಹಾಕಿಸಬೇಕು, ಅಲ್ಲಿಯವರೆಗೆ ದಿನಾ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿ ಮೇಲಿಂದ ತುಂಬಬೇಕು. ಹಳೇದು ಒಂದು ಲೋಟ ಉಳಿಸಿದ್ದರೆ ಹೀಗಾಗುತ್ತಿರಲಿಲ್ಲವೋ ಏನೋ. ಆಗುತ್ತಿತ್ತೋ ಏನೋ. ಕೇಳುವುದಕ್ಕೆ ಯಾರೂ ಇಲ್ಲ, ನಿಜವಾಗಿಯೂ ಯಾರೂ ಇಲ್ಲ ಎನ್ನುವುದು ಆ ಗೆರೆಯಷ್ಟೇ ಸ್ಪಷ್ಟವಾಗಿ, ಮುಖದಿಂದ ಒಂದು ಗೇಣು ಮೇಲೆ, ಅವನಿಗೆ ಕಂಡಿತು. ಚಕ್ರದ ಪಕ್ಕದಲ್ಲಿ ಎರಡು ಪಾದ ಬಂದು ನಿಂತವು. ಹಿಂದೆ ಇನ್ನೂ ಯಾರದೋ ಷೂಗಳು.

"ಏನಾಯ್ತು?" ಎಂದಳು ಟೀ ಅಂಗಡಿಯವಳು.

"ಅಣ್ಣ ಹೋಗ್ಬಿಟ್ಟ ಅಕ್ಕ."

ಪಾದಗಳು ಅಲುಗಲಿಲ್ಲ. ರಸ್ತೆಯ ಮೇಲೆ ಬಸ್ಸೊಂದು ಹೋಯಿತು, ಅದರ ಧೂಳು ವ್ಯಾನಿನ ಕೆಳಗೆ ನುಗ್ಗಿ ಬಂದು ಕೂತಿತು.

"ಗೊತ್ತಪ್ಪ. ಎಲ್ಲರಿಗೂ ಗೊತ್ತು," ಎಂದಳು ಅವಳು, ದನಿ ಇಳಿಸಿ. "ಗಾಡಿಗೇನಾಯ್ತು ಅಂತ ಕೇಳ್ದೆ."

"ಸೋರ್ತಿದೆ."

"ನಾಳೆ ಬರುತ್ತಾ, ಇಲ್ವಾ? ಇಲ್ಲ ಅಂದ್ರೆ ಈಗ್ಲೇ ಹೇಳ್ಬಿಡು. ದೊಡ್ಡ ಬೇಕರಿಯವನು ಬೆಳಿಗ್ಗೆಯಿಂದ ಎರಡು ಸಲ ಬಂದು ಹೋದ."

ಇನ್ನೊಂದು ಹನಿ ಕೂಡಿಕೊಳ್ಳುತ್ತಿತ್ತು. ಚಿಕ್ಕೋನು ಅದು ಬೀಳುವವರೆಗೆ ಕಾಯಲಿಲ್ಲ.

"ಬರುತ್ತೆ," ಎಂದ. "ನಾನೇ ತರ್ತೀನಿ. ಸೋರಿದ್ರೂ ತರ್ತೀನಿ."

"ಹಾಗಾದ್ರೆ ನಾಳೆಯಿಂದ ಬನ್ನು ಎರಡು ಟ್ರೇ ಇಳಿಸು. ನಿಮ್ಮಣ್ಣನಿಗೆ ಹೇಳಿ ಹೇಳಿ ಸಾಕಾಗಿತ್ತು. ಒಂದೇ ಸಾಕು, ಉಳಿದ್ರೆ ಯಾರು ತಿಂತಾರೆ ಅಂತ ನಂಗೇ ಬುದ್ಧಿ ಹೇಳೋನು. ದಿನಾ ಸಂಜೆ ಬನ್ನಿಲ್ಲ ಅಂತ ಜನ ವಾಪಸ್ ಹೋಗ್ತಿದ್ರು. ಒಂದು ದಿನ ನನ್ನ ಮಾತು ಕೇಳಿದ್ದಿದ್ರೆ ಕೇಳು."

ಅಣ್ಣನ ಮೇಲೆ ಒಬ್ಬರು ದೂರು ಹೇಳಿದ್ದನ್ನು ಅವನು ಕೇಳಿದ್ದು ಅದೇ ಮೊದಲು. ಎರಡು ತಿಂಗಳಿಂದ ಎಲ್ಲರೂ ಹೊಗಳುತ್ತಿದ್ದ ದೇವರಂಥ ಮನುಷ್ಯನ ಗುರುತೇ ಅವನಿಗೆ ಸಿಕ್ಕಿರಲಿಲ್ಲ, ಇವನ ಗುರುತು ಸಿಕ್ಕಿತು. ಕುಳ್ಳಗೆ, ಸ್ಟಿಯರಿಂಗನ್ನು ಎದೆಗೆ ಅವಚಿಕೊಂಡು, ಒಂದೇ ಟ್ರೇ ಸಾಕು ಎಂದು ಹಟ ಹಿಡಿದವನು. ಎರಡು ಟ್ರೇ, ಆಯ್ತಕ್ಕ ಎಂದು ಹೇಳಬೇಕೆಂದು ಚಿಕ್ಕೋನು ಬಾಯಿ ತೆರೆದ. ಬಂದದ್ದು ಅಳು. ಪಾದಗಳು ಇನ್ನೂ ಅಲ್ಲೇ ಇದ್ದವು, ಉತ್ತರಕ್ಕೆ ಕಾಯುತ್ತ. ಅವನು ವ್ಯಾನಿನ ಕೆಳಗಿನಿಂದ ಕೂಡಲೇ ಹೊರಗೆ ಬರಲಿಲ್ಲ.